ಎರಡು ಮೆಟ್ಟಿಲು ತಗ್ಗಿನ ಹಜಾರ

ಜನವರಿ 18, 1979

ಪೊಂಗಲ್ ಮುಗಿಸಿಕೊಂಡು ಕೆಲಸಗಾರರು ಬಂದರು. ಹಜಾರಕ್ಕೂ ಮುಂದಿನ ವರಾಂಡಕ್ಕೂ ನಡುವೆ ಇದ್ದ ಗೋಡೆ ಬೆಳಿಗ್ಗೆಯೇ ಬಿತ್ತು. ಮೂಗಿಗೆ ಸೆರಗು ಹಿಡಿದು ಧೂಳಿನಲ್ಲೇ ನಿಂತು ನೋಡಿದೆ. ಈ ಮನೆಯ ಹೊಟ್ಟೆಗೆ ಬಿಸಿಲು ಬಿದ್ದದ್ದು ಇದೇ ಮೊದಲು.

ಮದುವೆಯಾಗಿ ರಾಣೆಬೆನ್ನೂರಿನಿಂದ ಬಂದವಳು ಹದಿನೈದು ವರ್ಷ ಮದ್ರಾಸಿನ ಕೊತ್ತವಾಲ್ ಚಾವಡಿ ಮಾರುಕಟ್ಟೆಯಲ್ಲಿ ಇವರ ಮೆಣಸಿನಕಾಯಿ ಮಂಡಿಯ ಮೇಲಿನ ಎರಡು ಕೋಣೆಗಳಲ್ಲಿ ಸೀನುತ್ತ ಸಂಸಾರ ಮಾಡಿದ್ದೇನೆ. ಹಾಸಿಗೆ ಕೊಡವಿದರೂ ಖಾರ. ಅಡ್ಯಾರಿನಲ್ಲಿ ಈ ಮನೆ ಕೊಂಡಾಗ ಒಂದೇ ಮಾತು ಕೇಳಿದ್ದೆ: ಒಳಗಿನದೆಲ್ಲ ನನ್ನ ಇಷ್ಟದಂತೆ ಆಗಬೇಕು. ಇವರು ಸರಿ ಅಂದರು. ಅಷ್ಟು ವರ್ಷ ವಿದೇಶಿ ಮ್ಯಾಗಜೀನುಗಳಿಂದ ಕತ್ತರಿಸಿಟ್ಟ ಚಿತ್ರಗಳು ಒಂದು ಟ್ರಂಕ್ ತುಂಬ ಇವೆ.

ಕೆಲಸ ಕಿಟ್ಟುವಿನದು. ಉಡುಪಿಯ ಕಡೆಯವನು. ಕೋಡಂಬಾಕ್ಕಂ ಸ್ಟುಡಿಯೋಗಳಲ್ಲಿ ಕನ್ನಡ ಸಿನಿಮಾಗಳಿಗೆ ಬಂಗಲೆ ಸೆಟ್ಟು ಹಾಕುತ್ತಿದ್ದ. ಈಗ ಆ ಚಿತ್ರಗಳೆಲ್ಲ ಬೆಂಗಳೂರಿಗೆ ಹೋದವಂತೆ, ಇವನು ವಡಪಳನಿಯಲ್ಲೇ ಉಳಿದು ನಿಜವಾದ ಮನೆಗಳನ್ನು ಹಿಡಿದಿದ್ದಾನೆ. ನಾನು ಕತ್ತರಿಸಿಟ್ಟ ಒಂದು ಚಿತ್ರ ತೋರಿಸಿದೆ. ಹಜಾರದ ನಡುಭಾಗ ಎರಡು ಮೆಟ್ಟಿಲು ತಗ್ಗಿನಲ್ಲಿರಬೇಕು, ತಗ್ಗಿನ ಸುತ್ತ ಗೋಡೆಗೆ ಹತ್ತಿದಂತೆ ಮೆತ್ತನೆಯ ಆಸನ, ಮೇಲಿನಿಂದ ಬೆತ್ತದ ದೀಪ.

"ಮಾಡುವಾ ಅಮ್ಮಾ, ಫಸ್ಟ್ ಕ್ಲಾಸ್ ಆಗ್ತದೆ," ಅಂದ. "ಮದ್ರಾಸಲ್ಲಿ ಇಂಥದ್ದು ನಾಲ್ಕು ಮನೆಯಲ್ಲೂ ಇರ್ಲಿಕ್ಕಿಲ್ಲ."

ಅತ್ತೆಯವರು ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದರು. "ಮನ್ಯಾಗ ಬಾವಿ ತೋಡಸಾಕತ್ತಾಳ ನೋಡ್ರಿ," ಅಂದರು, ಯಾರಿಗೆ ಅಂತಲ್ಲ. ನಾನು ಕೇಳಿಸದವಳಂತೆ ಇದ್ದೆ. ಅತ್ತೆ ಸುವರ್ಣಮ್ಮನವರಿಗೆ ಉತ್ತರ ಕೊಡುವುದನ್ನು ಬಿಟ್ಟು ಬಹಳ ವರ್ಷವಾಯಿತು. ಮಾತಾಡಲು ಯಾರೂ ಇಲ್ಲದ್ದಕ್ಕೇ ಈ ದಿನಚರಿ.

ಫೆಬ್ರವರಿ 6

ತಗ್ಗು ತೋಡಿ ಆಯಿತು. ಕಾಂಕ್ರೀಟು ಒಣಗುತ್ತಿದೆ. ಎಷ್ಟು ಚೆಂದದ ಆಕಾರ!

ಆದರೆ ಈ ಕೆಲಸದವರಿಗೆ ಶಿಸ್ತು ಅನ್ನುವುದೇ ಇಲ್ಲ. ಏಣಿ, ಬಾಂಡ್ಲಿ, ಹಲಗೆ ಎಲ್ಲ ನಡೆಯುವ ದಾರಿಯಲ್ಲೇ. ಎರಡೂ ಮೊಣಕಾಲು ನೀಲಿಗಟ್ಟಿವೆ. ಕಿಟ್ಟುವನ್ನು ಬೈದೆ. "ಅದು ಬೆಳಿಗ್ಗೆಯಿಂದ ಅಲ್ಲೇ ಉಂಟಲ್ಲ ಅಮ್ಮಾ," ಅಂದ. ಎದುರುತ್ತರ ಬೇರೆ.

ಸಂಜೆ ಉಷಾ ಬಂದಿದ್ದಳು, ಹಿಂದಿನ ಬೀದಿಯ ಬ್ಯಾಂಕ್ ಮ್ಯಾನೇಜರರ ಹೆಂಡತಿ, ಮೈಸೂರಿನವಳು. ಮುಖ ಸ್ವಲ್ಪ ಬಿಗಿಯಾಗಿತ್ತು. "ಏನ್ರೀ ಜಯದೇವಿ, ದೊಡ್ಡ ಮನೆ ಆಗ್ತಿದ್ದ ಹಾಗೆ ನಮ್ಮ ಗುರುತೇ ಇಲ್ವಾ? ಬಸ್ ಡಿಪೋ ಹತ್ರ ಪಕ್ಕದಲ್ಲೇ ನಿಂತು ಕೈ ಬೀಸ್ದೆ, ತಿರುಗಿ ಕೂಡಾ ನೋಡ್ಲಿಲ್ಲ ನೀವು." ನಾನು ಟೈಲ್ಸಿನ ಯೋಚನೆಯಲ್ಲಿದ್ದೆ ಅಂದೆ. ಅವಳಿಗೆ ಹೊಟ್ಟೆಕಿಚ್ಚು ಇರಬಹುದು.

ಫೆಬ್ರವರಿ 27

ಪರದೆಗೆ ತಂದ ಮಾದರಿ ಬಟ್ಟೆಗಳ ಮೇಲೆ ಕಾಫಿ ಚೆಲ್ಲಿದೆ. ಲೋಟ ಎಡಗೈಯ ಪಕ್ಕದಲ್ಲೇ ಇತ್ತಂತೆ. ಕಿತ್ತಳೆ, ಸಾಸಿವೆ ಹಳದಿ, ಎಲೆ ಹಸಿರು, ಎಲ್ಲವೂ ಹಾಳು. ಕೆಲಸದ ಹೆಂಗಸು ಯಾವ ವಸ್ತುವನ್ನೂ ಇಟ್ಟ ಜಾಗದಲ್ಲಿ ಇರಗೊಡುವುದಿಲ್ಲ.

"ಅವ ಒಣ್ಣುಮೇ ಪಣ್ಣಲೆಮ್ಮಾ," ಅಂದಳು ಮಗಳು ಅಕ್ಕು, ಆ ಹೆಂಗಸೇನೂ ಮಾಡಿಲ್ಲವಂತೆ. ಅಕ್ಕಮಹಾದೇವಿ ಅಂತ ಹೆಸರಿಟ್ಟದ್ದಕ್ಕೆ ಇವಳ ಬಾಯಲ್ಲಿ ಬರುವುದೆಲ್ಲ ತಮಿಳು. ಕನ್ನಡದಲ್ಲಿ ಹೇಳು ಅಂದರೆ ಇಂಗ್ಲಿಷಿಗೆ ಹೋಗುತ್ತಾಳೆ.

ಹಜಾರ ಯಾಕೋ ಮಂಕು. ಇನ್ನಷ್ಟು ದೀಪ ಬೇಕು ಅಂದೆ. ಕಿಟ್ಟು ನಕ್ಕ. "ಶೂಟಿಂಗಿಗೆ ಇಡುವಷ್ಟು ಇಟ್ಟಿದ್ದೇನೆ ಅಮ್ಮಾ." ಆದರೂ ಇಡು ಅಂದೆ.

ಮಾರ್ಚ್ 20

ಬರೆಯಬಾರದು ಅಂದುಕೊಂಡಿದ್ದೆ.

ಅಕ್ಕುವಿನ ಜೊತೆ ಅಡ್ಯಾರ್ ಸಿಗ್ನಲಿನಲ್ಲಿ ರಸ್ತೆ ದಾಟುತ್ತಿದ್ದೆ. ರಸ್ತೆ ಖಾಲಿ ಇತ್ತು. ನನಗೆ ಖಾಲಿಯೇ ಕಂಡಿತು. ಅಕ್ಕು ಚೀರಿ ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದಳು. ಬಸ್ಸಿನ ಗಾಳಿ ಮುಖಕ್ಕೆ ಬಡಿಯಿತು, ಸೆರಗು ಹಾರಿತು. ಕಂಡಕ್ಟರ್ ಬಗ್ಗಿ ಬೈದುಕೊಂಡು ಹೋದ. ಹುಡುಗಿ ಫುಟ್‌ಪಾಥಿನ ಮೇಲೆ ಕೂತು ಅಳತೊಡಗಿದಳು. "ಅವ್ವಾ, ಅಷ್ಟು ದೊಡ್ಡ ಬಸ್ಸು. ಬಸ್ಸು ಅವ್ವಾ!" ಕನ್ನಡದಲ್ಲೇ ಅಂದಳು.

ಅಪ್ಪನಿಗೆ ಹೇಳಬೇಡ ಅಂದಿದ್ದೆ. ಹೇಳಿಬಿಟ್ಟಳು.

ಮಾರ್ಚ್ 31

ಕಣ್ಣಿನ ಡಾಕ್ಟರಲ್ಲಿಗೆ ಹೋಗಿ ಬಂದೆವು. ಹೋಗುವಾಗ, ಹೊಸ ಕನ್ನಡಕಕ್ಕೆ ಯಾವ ಫ್ರೇಮು ಒಪ್ಪುತ್ತದೆ ಅಂತ ಯೋಚಿಸುತ್ತಿದ್ದೆ. ಆಮೆ ಚಿಪ್ಪಿನ ಬಣ್ಣದ್ದು.

ಗೋಡೆಯ ಮೇಲಿನ ಸಣ್ಣ ಅಕ್ಷರಗಳನ್ನು ಪೂರ್ತಿ ಓದಿದೆ. ಗೆದ್ದೆ ಅಂದುಕೊಂಡೆ. ಆಮೇಲೆ ಒಂದು ಕಪ್ಪು ಪರದೆಯ ಮುಂದೆ ಕೂರಿಸಿದರು. ಒಂದು ಕಣ್ಣು ಮುಚ್ಚಿ ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು, ಡಾಕ್ಟರು ಕಡ್ಡಿಯ ತುದಿಯಲ್ಲಿ ಒಂದು ಬಿಳಿ ಗುಂಡು ಹಿಡಿದು ಸರಿಸುತ್ತಾರೆ, ಅದು ಕಂಡಾಗ ಹೇಳಬೇಕು. ನಾನು ಕಾದೆ. ಬಹಳ ಹೊತ್ತು ಕಾದೆ. ಮೇಲೆ ಫ್ಯಾನು ತಿರುಗುತ್ತಿತ್ತು.

"ಶುರು ಮಾಡಿ ಡಾಕ್ಟರೇ," ಅಂದೆ.

"ಆಗಲೇ ಶುರು ಮಾಡಿದ್ದೇನಮ್ಮಾ," ಅಂದರು.

ಹಿಂದೆ ಕುರ್ಚಿಯಲ್ಲಿ ಕೂತಿದ್ದ ಇವರು ಎದ್ದು ನಿಂತ ಸದ್ದಾಯಿತು.

ಕಣ್ಣಿನೊಳಗೆ ಒತ್ತಡ ಏರಿ ನರ ಸಾಯುತ್ತ ಬಂದಿದೆಯಂತೆ. ಮೊದಲು ಪಕ್ಕಗಳಿಂದ. ನೋವಿಲ್ಲ, ಆದ್ದರಿಂದ ಗೊತ್ತಾಗುವುದಿಲ್ಲ. ನಡುವೆ ಉಳಿದಿರುವುದು ಕೊಳವೆಯಷ್ಟು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಹಿಡಿದಿಡಲು ನೋಡಬಹುದು ಅಂದರು. ಹಿಡಿದಿಡುತ್ತೇವೆ ಅನ್ನಲಿಲ್ಲ.

 ಮನೆ ಮುಟ್ಟಿದಾಗ ಕಿಟ್ಟು ಓಡಿ ಬಂದ: "ಅಮ್ಮಾ, ವಾಲ್‌ಪೇಪರ್ ಅಂಟಿಸಿ ಆಯ್ತು, ನೋಡಿ!"

ನೋಡಿದೆ. ಕಿತ್ತಳೆ ಬಣ್ಣದ ದೊಡ್ಡ ದೊಡ್ಡ ಹೂವು. ಕಣ್ಣು ಕದಲಿಸದೆ ನೋಡಿದರೆ ಒಂದು ಹೂವು ಮಾತ್ರ ಕಾಣುತ್ತದೆ. ಹಿಂದೆಯೂ ಹೀಗೇ ಇತ್ತೇನೋ. ನಾನು ತಲೆ ತಿರುಗಿಸಿ ತಿರುಗಿಸಿ ಒಂದೊಂದನ್ನೇ ಸೇರಿಸಿಕೊಂಡು ಗೋಡೆ ಕಂಡೆ ಅಂದುಕೊಳ್ಳುತ್ತಿದ್ದೆನೇನೋ.

ಏಪ್ರಿಲ್ 3

ಮಲಗಿಯೇ ಇದ್ದೇನೆ. ಪರದೆಗೆ ಯಾವ ಬಣ್ಣ ಅಂತ ಕಿಟ್ಟು ಕೇಳಿ ಕಳಿಸಿದ. ಯಾವುದಾದರೂ ಹಾಕು ಅಂದೆ.

ಏಪ್ರಿಲ್ 15

ಇಲ್ಲ. ಯಾವುದಾದರೂ ಅಲ್ಲ. ಸಾಸಿವೆ ಹಳದಿ.

ಎದ್ದೆ. ಮನೆ ಮುಗಿಯಬೇಕು, ಬೇಗ ಮುಗಿಯಬೇಕು. ಮುಗಿದದ್ದನ್ನು ನಾನು ನೋಡಬೇಕು. ನಿನ್ನೆ ತಮಿಳರ ಹೊಸ ವರ್ಷ, ಕೆಲಸಗಾರರು ರಜೆ ಕೇಳಿದರು, ಕೊಡಲಿಲ್ಲ. ಕಿಟ್ಟುವಿಗೆ ಕಾರಣ ಹೇಳಿಲ್ಲ, ಉಷಾಳಿಗೂ ಇಲ್ಲ. ಹೊರಗೆ ಯಾರಿಗೂ ಹೇಳಕೂಡದು ಅಂತ ಮನೆಯವರಿಂದ ಮಾತು ತೆಗೆದುಕೊಂಡಿದ್ದೇನೆ.

ಔಷಧದ ಹನಿ ಹಾಕಿಕೊಂಡರೆ ಕಣ್ಣು ಉರಿಯುತ್ತದೆ, ಹುಬ್ಬು ಸಿಡಿಯುತ್ತದೆ, ಎಲ್ಲ ಇನ್ನೂ ಕತ್ತಲಾಗುತ್ತದೆ. ಪಾಪೆಯನ್ನು ಕುಗ್ಗಿಸಿ ಕತ್ತಲು ಮಾಡುವುದೇ ಔಷಧವಂತೆ.

ಅತ್ತೆಯವರು ಬಾಗಿಲಲ್ಲಿ ಬಂದು ನಿಂತರು. "ಪರಮೇಶಿ ಹೇಳಿದ," ಅಂದರು, ಮಗನ ಹೆಸರು ಹಿಡಿದು. ಮುಂದೇನೋ ಹೇಳುತ್ತಾರೆ ಅಂತ ಕಾದೆ, ಹೋಗಿಬಿಟ್ಟರು. ಅವರ ಬೈಗುಳವೇ ವಾಸಿ ಇತ್ತು.

ಮೇ 21

ನಿನ್ನೆ ಚಹಾಕ್ಕೆ ಕರೆದಿದ್ದೆವು. ಕನ್ನಡ ಸಂಘದ ಹೆಂಗಸರು, ಮಂಡಿಯ ಪಾಲುದಾರರ ಮನೆಯವರು, ಉಷಾ, ಅವಳ ಗಂಡ. ಅಗ್ನಿ ನಕ್ಷತ್ರದ ಬಿಸಿಲು, ಆದರೂ ಎಲ್ಲರೂ ಬಂದರು.

ಅವರು ಬರುವ ಮೊದಲು ಒಬ್ಬಳೇ ಬಾಗಿಲಲ್ಲಿ ನಿಂತು ನನ್ನ ಹಜಾರ ನೋಡಿದೆ. ಬೆತ್ತದ ದೀಪ. ಅದರಿಂದ ಕೆಳಗಿಳಿದು ಗಾಜಿನ ಮೇಜು. ಅಲ್ಲಿಂದ ಎಡಕ್ಕೆ, ಹಸಿರು ಆಸನ, ಇಟ್ಟಿಗೆ ಬಣ್ಣದ ದಿಂಬುಗಳು. ಅಲ್ಲಿಂದ ಮೇಲಕ್ಕೆ ಪರದೆ. ಪರದೆಗೆ ಬರುವಷ್ಟರಲ್ಲಿ ದೀಪ ಹೋಗಿರುತ್ತದೆ. ಒಟ್ಟಿಗೆ ಎಂದೂ ಸಿಗಲಿಲ್ಲ. ಚಿತ್ರದಲ್ಲಿ ಇದ್ದ ಹಾಗೇ ಇತ್ತು ಅನ್ನುವುದನ್ನು ಮಾತ್ರ ಬಲ್ಲೆ.

ಎಲ್ಲರೂ ಹೊಗಳಿದರು. ಸೆಟ್ಟಿನಂತಿದೆ ಅಂದರು. ನಾನು ದನಿ ಬಂದ ಕಡೆ ತಿರುಗಿ ನಗುತ್ತಿದ್ದೆ. ಉಷಾ ಉಡುಗೊರೆ ಕೊಡಲು ಕೈ ಚಾಚಿದ್ದಳಂತೆ, ಅವಳ ಗಂಡನನ್ನೇ ನೋಡುತ್ತ ನಿಂತಿದ್ದೆ. ಅಕ್ಕು ನಡುವೆ ಬಂದು ಇಸಕೊಂಡಳು.

ಆಮೇಲೆ ಪಾನಕದ ತಟ್ಟೆ ಹಿಡಿದು ಹೊರಟೆ. ತಗ್ಗು ಎಲ್ಲಿ ಶುರುವಾಗುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಿಟ್ಟುವಿನ ಜೊತೆ ನಿಂತು ಸುಣ್ಣದ ಗೆರೆ ಎಳೆಸಿದವಳು ನಾನು. ಪಾದ ಇಟ್ಟೆ, ಕೆಳಗೆ ನೆಲ ಇರಲಿಲ್ಲ.

ಗಾಜಿನ ಲೋಟಗಳು ಒಡೆದವು. ಯಾರದೋ ಮಗು ಅತ್ತಿತು. ಪಾನಕದಲ್ಲಿ ಬಿದ್ದಿದ್ದೆ, ಸೀರೆ ಮೊಣಕಾಲಿಗೆ ಬಂದಿತ್ತು. ಇವರು ಓಡಿ ಬಂದು ಎತ್ತುವಾಗ, ಎಲ್ಲರ ಮುಂದೆ, ದೊಡ್ಡ ದನಿಯಲ್ಲಿ ಹೇಳಿಬಿಟ್ಟರು: "ಅಕಿಗೆ ಕಣ್ಣು ಕಾಣಸೂದಿಲ್ರೀ."

ಮಾತು ತೆಗೆದುಕೊಂಡಿದ್ದೆ ಇವರಿಂದ.

ಜೂನ್ 11

ಗಾಜಿನ ಮೇಜು ಹೋಯಿತು. ಅಂಚು ಹರಿತ ಅಂತ.

ಜೂನ್ 29

ನಡುವಿನ ಜಮಖಾನೆ ಹೋಯಿತು. ಕಾಲಿಗೆ ತೊಡರುತ್ತದಂತೆ. ಉದ್ದ ಕಾಲಿನ ದೀಪ, ಮೂಲೆಯಲ್ಲಿದ್ದ ತಾಮ್ರದ ಹಂಡೆ, ಬಿದಿರು ಗಿಡದ ಕುಂಡ ಎಲ್ಲ ಹಿಂದಿನ ಶೆಡ್ಡಿಗೆ. ಯಾರೂ ನನ್ನನ್ನು ಕೇಳುವುದಿಲ್ಲ. ಮಧ್ಯಾಹ್ನ ಮಲಗಿ ಎದ್ದರೆ ಒಂದು ವಸ್ತು ಕಮ್ಮಿ. ಕೇಳಿದರೆ ಇವರದು ಒಂದೇ ಮಾತು, "ನಿನ್ನ ಸಲುವಾಗೇ ಅಲ್ಲೇನು?"

ಇವರು ಈಗ ನನ್ನ ಜೊತೆ ಬಹಳ ಮೆತ್ತಗೆ ಮಾತಾಡುತ್ತಾರೆ. ಮಂಡಿಯಿಂದ ಬೇಗ ಬರುತ್ತಾರೆ. ಊಟದ ತಟ್ಟೆಯಲ್ಲಿ ಪಲ್ಯ ಎಲ್ಲಿದೆ ಅಂತ ಹೇಳುತ್ತಾರೆ. ನನಗೆ ಕಾಣುತ್ತಿರುತ್ತದೆ, ಆದರೂ ಹೇಳುತ್ತಾರೆ. ತಟ್ಟೆ ಎತ್ತಿ ಎಸೆಯಬೇಕು ಅನ್ನಿಸುತ್ತದೆ.

ಆಗಸ್ಟ್ 24

ಎಡಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದರು. ಆ ಕಣ್ಣಿಗೆ ಕಿಟಕಿ ಎಲ್ಲಿದೆ ಅಂತ ಮಾತ್ರ ಗೊತ್ತಾಗುತ್ತದೆ.

ಸೆಪ್ಟೆಂಬರ್ 2

ಬರೆದು ಏನಾಗಬೇಕು.

ಅಕ್ಟೋಬರ್ 8

ಅಕ್ಕು ಈ ಪುಟಗಳಿಗೆ ದಪ್ಪ ಕಪ್ಪು ಪೆನ್ನಿನಿಂದ ಗೆರೆ ಹಾಕಿಕೊಟ್ಟಿದ್ದಾಳೆ. ಒಂದು ಗೆರೆ ಬಿಟ್ಟು ಒಂದು ಗೆರೆ ಬರೆಯುತ್ತೇನೆ. ಬಲಗಣ್ಣಿನಲ್ಲಿ ಉಳಿದಿರುವ ಕಿಂಡಿಯಲ್ಲಿ ಒಂದು ಪದ ಹಿಡಿಸುತ್ತದೆ, ಉದ್ದದ ಪದವಾದರೆ ಅರ್ಧ.

ಹೆಚ್ಚಾಗಿ ತಗ್ಗಿನಲ್ಲೇ ಕೂತಿರುತ್ತೇನೆ. ಮೂರು ಕಡೆ ಬೆನ್ನಿಗೆ ಗೋಡೆ ಇದೆ, ಅಲ್ಲಿ ಯಾರೂ ನನ್ನನ್ನು ಹಿಂದಿನಿಂದ ದಾಟುವುದಿಲ್ಲ. ಆಸನದ ಬಟ್ಟೆ ಒರಟು, ಅದರ ಅಂಚಿನ ಹೊಲಿಗೆಯ ಮೇಲೆ ಬೆರಳು ಆಡಿಸುತ್ತ ಹೋದರೆ ಮೂಲೆ ಸಿಗುತ್ತದೆ, ಮೂಲೆಯಿಂದ ಮೆಟ್ಟಿಲು. ಮೆಟ್ಟಿಲಿನ ಮೊಸಾಯಿಕ್ ತಣ್ಣಗಿರುತ್ತದೆ. ಇವರು ಬಂದರೆ ಮೆಣಸಿನಕಾಯಿ ಘಾಟು ಮೊದಲು, ಆಮೇಲೆ ಚಪ್ಪಲಿಯ ಸದ್ದು. ಅಕ್ಕುವಿನದು ಓಡುವ ಹೆಜ್ಜೆ. ಅತ್ತೆ ಬಲಗಾಲನ್ನು ಸ್ವಲ್ಪ ಎಳೆಯುತ್ತಾರೆ, ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೇವೆ, ಕಾಲು ನೋವು ಅಂತ ಯಾಕೆ ಹೇಳಲಿಲ್ಲವೋ. ಮೊಣಕಾಲಿಗೆ ಹಚ್ಚುವ ಎಣ್ಣೆ ತರಿಸಿಕೊಟ್ಟೆ. "ಯಾರು ಹೇಳಿದ್ರು ನಿನಗ?" ಅಂದರು.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ? ಬರೆಯುವಂಥದ್ದು ಏನೂ ನಡೆಯುತ್ತಿಲ್ಲ. ವಾಲ್‌ಪೇಪರು ಯಾವ ಬಣ್ಣ ಅಂತ ಒಮ್ಮೊಮ್ಮೆ ನೆನಪಿಸಿಕೊಳ್ಳಬೇಕಾಗುತ್ತದೆ.

ಅಕ್ಟೋಬರ್ 30

ತಗ್ಗು ಮುಚ್ಚಿಸುತ್ತಾರಂತೆ.

ಅಕ್ಕು ಬಾಯಿ ಜಾರಿ ಹೇಳಿದ್ದರಿಂದ ಗೊತ್ತಾಯಿತು. ಕಿಟ್ಟುವಿಗೆ ಹೇಳಿ ಕಳಿಸಿಯೂ ಆಗಿದೆ. ಇವರು ಬಂದ ಕೂಡಲೇ ಕೇಳಿದೆ.

"ಹೌದು. ಮಳಿ ಜೋರಾಗೂದರೊಳಗ ಮುಗಸಬೇಕು," ಅಂದರು.

"ನನ್ನ ಕೇಳಿದ್ರ್ಯಾ?"

"ಇದರಾಗ ಕೇಳೂದೇನೈತಿ ಜಯಾ? ಎರಡು ಸಲ ಬಿದ್ದಿ. ನಾಳೆ ತಲಿಗೆ ಪೆಟ್ಟಾದ್ರ?"

"ಒಂದು ಸಲ. ಎರಡನೇ ಸಲ ಬಿದ್ದದ್ದು ಬಚ್ಚಲಮನ್ಯಾಗ. ಬಚ್ಚಲಾನೂ ಮುಚ್ಚಸ್ತೀರೇನು?"

 ಅವರ ದನಿ ಒಡೆಯಿತು. "ಮಂಡ್ಯಾಗ ಕುಂತಿದ್ರ ಫೋನ್ ಸದ್ದಾದಾಗೊಮ್ಮೆ ಎದಿ ಝಲ್ ಅಂತೈತಿ. ನೀ ಬಿದ್ದಿ ಅಂತ ಹೇಳಾಕ ಮಾಡ್ಯಾರ ಅಂತ. ನನ್ನ ಹಣೇಬರಾನೂ ನೋಡು ಸ್ವಲ್ಪ."

"ಈ ಮನ್ಯಾಗ ನಂದು ಅಂತ ಉಳಿದಿದ್ದು ಅದೊಂದ."

"ನಿನಗ ಅದು ಕಾಣಸೂದ ಇಲ್ಲಲ್ಲ!"

ಹೇಳಿದ ಮೇಲೆ ನನ್ನ ಕೈ ಹಿಡಿಯಲು ಬಂದರು. ನಾನು ಕೊಡಲಿಲ್ಲ. ನನ್ನನ್ನು ಪ್ರೀತಿಸುವ ಮನುಷ್ಯ ಇವರು, ಅದರಲ್ಲಿ ಅನುಮಾನವಿಲ್ಲ. ಅನುಮಾನವಿದ್ದಿದ್ದರೆ ಜಗಳ ಆಡುವುದು ಸುಲಭವಾಗುತ್ತಿತ್ತು.

ನವೆಂಬರ್ 7

ಕಿಟ್ಟು ಬಂದ. ಅವನ ಹಿಂದೆ ಆಳುಗಳು, ಇಟ್ಟಿಗೆ ಚೂರು ಸುರಿಯುವ ಸದ್ದು, ಒದ್ದೆ ಮರಳಿನ ವಾಸನೆ. ನಾನು ತಗ್ಗಿಗೆ ಇಳಿದು ಕೂತೆ. ಆಸನದ ದಿಂಬುಗಳನ್ನು ಆಗಲೇ ಕಿತ್ತಿದ್ದರು, ಬರಿಯ ಸಿಮೆಂಟು.

"ಅಮ್ಮಾ, ಸ್ವಲ್ಪ ಮೇಲೆ ಬನ್ನಿ," ಅಂದ ಕಿಟ್ಟು. ನಾನು ಏಳಲಿಲ್ಲ. ಅವನು ಮೆಟ್ಟಿಲ ಮೇಲೆ ಕುಕ್ಕರಿಸಿದ. "ಶೂಟಿಂಗ್ ಮುಗಿದ ಮಾರನೇ ದಿನ ಸೆಟ್ ಒಡೀತೇವೆ ನಾವು. ಅಭ್ಯಾಸ ಉಂಟು. ಇದೊಂದು ನಿಲ್ತದೆ ಅಂತ ಎಣಿಸಿದ್ದೆ. ಎಂತ ಮಾಡುದು, ಯಜಮಾನರು ಹೇಳಿದ್ದು."

ಇವರು ಮಂಡಿಯಿಂದ ಫೋನ್ ಮಾಡಿದರು. ಅಕ್ಕು ಎತ್ತಿ, "ಅವ್ವ ಏಳೂದಿಲ್ಲ ಅಂತಾಳ," ಅಂದಳು. ಆಳುಗಳು ಬೀಡಿ ಹಚ್ಚಿ ವರಾಂಡದಲ್ಲಿ ಕೂತರು. ಹೊರಗೆ ಮಳೆ ಹಿಡಿಯಿತು.

ಮಧ್ಯಾಹ್ನ ದಾಟಿತ್ತು. ಎಳೆಯುವ ಬಲಗಾಲಿನ ಸದ್ದು ಅಡಿಗೆಮನೆಯಿಂದ ಹೊರಟು ಬಂದು ತಗ್ಗಿನ ಅಂಚಿನಲ್ಲಿ ನಿಂತಿತು. ಈ ಬಾವಿಗೆ ಇಳಿಯುವುದಿಲ್ಲ ಅಂತ ಅತ್ತೆ ಮೊದಲ ದಿನವೇ ಆಣೆ ಹಾಕಿದ್ದರು, ಒಂದು ಸಲವೂ ಇಳಿದಿರಲಿಲ್ಲ. ಗೋಡೆ ಹಿಡಿದು ಉಸಿರು ಬಿಡುತ್ತ ಒಂದು ಮೆಟ್ಟಿಲು ಇಳಿದರು. ನಿಂತರು. ಇನ್ನೊಂದು ಇಳಿದು ನನ್ನ ಪಕ್ಕದಲ್ಲಿ ಕೂತರು. ಕೈಗೆ ತಟ್ಟೆ ಕೊಟ್ಟರು. ರೊಟ್ಟಿ, ಬದನೆಕಾಯಿ. ಪಲ್ಯ ಯಾವ ಕಡೆ ಅಂತ ಹೇಳಲಿಲ್ಲ.

"ಬಾಳ ತಂಪೈತಿ ಇಲ್ಲಿ," ಅಂದರು.

"ಹೂಂ."

"ನನಗ ಗೊತ್ತಿದ್ದಿಲ್ಲ."

ತಿಂದೆ. ಅವರೂ ನನ್ನ ತಟ್ಟೆಯಿಂದಲೇ ಒಂದು ತುತ್ತು ಮುರಿದುಕೊಂಡರು. ಆಮೇಲೆ ಹೇಳಿದರು, "ಪರಮೇಶಿ ರಾತ್ರಿ ನಿದ್ದಿ ಮಾಡೂದಿಲ್ಲವ್ವ. ಎದ್ದು ಬಂದು ಈ ಅಂಚಿಗೆ ನಿಂತಿರತಾನ. ನೀ ಎಲ್ಲಿ ಎದ್ದು ಬಂದೀ ಅಂತ. ಮುಚ್ಚಲಿ ಬಿಡು. ನೀ ಸೋತಿ ಅಂತ ಅಲ್ಲ."

"ಮತ್ತೇನತ್ತಿ?"

  ನನ್ನ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು ಕೂತರು. ಮಳೆ ನಿಲ್ಲುವವರೆಗೆ ಕೂತೆವು. ಏಳಲು ಅವರಿಗೆ ಆಗಲಿಲ್ಲ, ಕಾಲು ಹಿಡಿದುಕೊಂಡಿತ್ತು. ನಾನೇ ಎಬ್ಬಿಸಿದೆ, ತೋಳು ಹಿಡಿದು ಮೆಟ್ಟಿಲು ಹತ್ತಿಸಿದೆ. ಮೇಲೆ ಬಂದ ಮೇಲೆ ಕಿಟ್ಟುವಿಗೆ ಹೇಳಿದೆ, ಶುರು ಮಾಡು ಅಂತ.

ನವೆಂಬರ್ 9

ಸುರಿಯುತ್ತಿದ್ದಾರೆ. ಇಟ್ಟಿಗೆ ಚೂರು ಬಿದ್ದಾಗ ಮೊದಲು ಟೊಳ್ಳು ಸದ್ದು ಬರುತ್ತಿತ್ತು. ಈಗ ಬರುವುದಿಲ್ಲ.

ನವೆಂಬರ್ 26

ಮೇಲೆ ಹೊಸ ಮೊಸಾಯಿಕ್ ಹಾಕಿ, ಉಜ್ಜಿ, ಮೇಣ ಹಚ್ಚಿ ಮುಗಿಸಿದರು. ಕಿಟ್ಟು ಹೇಳದೆ ಹೋದನಂತೆ.

ಇವರು ಬೇಗ ಬಂದಿದ್ದರು. ತಗ್ಗು ಇಲ್ಲ, ಮೇಜಿಲ್ಲ, ಒಂದು ಕುರ್ಚಿಯೂ ಅಡ್ಡ ಇಲ್ಲ ಅಂದರು. ದನಿಯಲ್ಲಿ ಬಹಳ ದಿನದ ಮೇಲೆ ಸಂತೋಷವಿತ್ತು. "ಬಾ, ನಡದು ನೋಡು. ಯಾರನ್ನೂ ಹಿಡಕೊಳ್ಳೂದು ಬ್ಯಾಡ. ಬಾಗಲದಿಂದ ಕಿಟಕಿ ತನಕ ಸೀದಾ ಬಾ." ಅವರು ಕಿಟಕಿಯ ಹತ್ತಿರ ಹೋಗಿ ನಿಂತರು. ಅಕ್ಕುವೂ ಅತ್ತೆಯೂ ಎಲ್ಲೋ ನಿಂತಿದ್ದರು. ಯಾರೂ ಉಸಿರೆತ್ತಲಿಲ್ಲ, ನನ್ನ ಗಮನ ತಪ್ಪದಿರಲಿ ಅಂತ ಇರಬೇಕು.

ಹೊರಗೆ ಮೋಡ, ಕಿಟಕಿಯ ಬೆಳಕೂ ಇರಲಿಲ್ಲ. ಹೊರಟೆ. ನುಣುಪಾದ ನೆಲ. ಒಂದು ಹೆಜ್ಜೆ, ಇನ್ನೊಂದು, ಮತ್ತೊಂದು. ಅಂಚು ಸಿಗಲಿಲ್ಲ. ಹೊಲಿಗೆ ಸಿಗಲಿಲ್ಲ. ಕೈ ಚಾಚಿದೆ, ಗಾಳಿ. ಯಾವ ಕಡೆಗೂ ತಡೆಯಿಲ್ಲ, ಯಾವ ಕಡೆಯಿಂದಲೂ ಸದ್ದಿಲ್ಲ. ನಡುವೆಲ್ಲೋ ನಿಂತೆ. ನಡುವೆ ಹೌದೋ ಅಲ್ಲವೋ.

"ಯಾಕ ನಿಂತಿ? ಏನೂ ಇಲ್ಲ, ಬಾ," ಅಂದರು ಇವರು.

ಏನೂ ಇರಲಿಲ್ಲ. ನಾನು ಎಲ್ಲಿದ್ದೇನೆ ಅಂತ ನನಗೆ ತಿಳಿಯಲಿಲ್ಲ.